ಗದರಿದರೆ ಪೀಸು ಹೆಚ್ಚಾಗುವುದಿಲ್ಲ

ಈ ಸಂಚಿಕೆಗೆ ಬಂದ ಪತ್ರಗಳಲ್ಲಿ ಹೆಚ್ಚಿನವು ಸೂಪರ್‌ವೈಸರ್‌ಗಳವು. ಮಾಚೇನಹಳ್ಳಿಯ ಫೌಂಡ್ರಿಯಿಂದ ಹಿಡಿದು ತೀರ್ಥಹಳ್ಳಿಯ ಅಡಿಕೆ ಅಂಗಳದವರೆಗೆ ಎಲ್ಲರ ದೂರೂ ಒಂದೇ: "ಹೇಳಿದ್ದು ಕೇಳುವುದಿಲ್ಲ." ಹೆಸರುಗಳನ್ನು ಬಿಟ್ಟು, ಪ್ರಶ್ನೆಗಳನ್ನು ಚಿಕ್ಕದಾಗಿಸಿ ಕೊಟ್ಟಿದ್ದೇವೆ.

ಪ್ರಶ್ನೆ: ಎಂಟು ವರ್ಷ ಮೋಲ್ಡರ್ (ಎರಕಕ್ಕೆ ಮರಳಿನ ಅಚ್ಚು ಕಟ್ಟುವವನು) ಆಗಿದ್ದವನು. ಮೂರು ತಿಂಗಳ ಹಿಂದೆ ಅದೇ ಸೆಕ್ಷನ್ನಿಗೆ ಸೂಪರ್‌ವೈಸರ್ ಮಾಡಿದರು. ಇರುವ 14 ಜನರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಜೊತೆಯಲ್ಲೇ ಕೂತು ಬುತ್ತಿ ಉಂಡವರು. ಏನಾದರೂ ಹೇಳಿದರೆ "ಹೋಗ ಮಾರಾಯ, ನಿನ್ನೆವರೆಗೂ ನೀನೂ ನಮ್ಮಂಗೇ ಇದ್ದವನು" ಅನ್ನುತ್ತಾರೆ. ರಿಜೆಕ್ಷನ್ ಜಾಸ್ತಿಯಾಗಿದೆ. ಕೊನೆಗೆ ನಾನೇ ಬಾಕ್ಸ್ (ಅಚ್ಚಿನ ಪೆಟ್ಟಿಗೆ) ಹಾಕಲು ನಿಲ್ಲುತ್ತೇನೆ. – ಮಾಚೇನಹಳ್ಳಿ

ಉತ್ತರ: ಬಾಕ್ಸ್ ಹಾಕಲು ನಿಲ್ಲುವುದನ್ನು ಮೊದಲು ಬಿಡಿ. 1923ರಲ್ಲಿ ಭದ್ರಾವತಿಯ ಕಬ್ಬಿಣದ ಕಾರ್ಖಾನೆ ಕುಲುಮೆ ಹೊತ್ತಿಸಿದಂದಿನಿಂದ ಈ ಸುತ್ತಿನವರ ಕೈಗೆ ಎರಕದ ಕೆಲಸ ಒಗ್ಗಿಬಂದಿದೆ. ಒಳ್ಳೆಯ ಮೋಲ್ಡರ್‌ಗಳಿಗೆ ಇಲ್ಲಿ ಕೊರತೆ ಇಲ್ಲ. ಆದರೆ ಮೋಲ್ಡರ್‌ನನ್ನು ಸೂಪರ್‌ವೈಸರ್ ಮಾಡುವಾಗ ಆ ಹೊಸ ಕೆಲಸವನ್ನು ಯಾರೂ ಕಲಿಸಿಕೊಡುವುದಿಲ್ಲ. ಹಾಗಾಗಿ ಗಾಬರಿಯಾದಾಗ ಕೈ ತಾನಾಗಿ ಹಳೆಯ ಕೆಲಸದ ಕಡೆಗೇ ಹೋಗುತ್ತದೆ. ನೀವು ಒಂದು ಬಾಕ್ಸಿನ ಮೇಲೆ ಬಗ್ಗಿದ ಆ ಹತ್ತು ನಿಮಿಷ ಮರಳು ಹೇಗೆ ಬರುತ್ತಿದೆ, ಹೊಯ್ಯುವ ಲ್ಯಾಡಲ್‌ನಲ್ಲಿ ಕರಗಿದ ಲೋಹ ಎಷ್ಟು ತಣ್ಣಗಾಗಿದೆ ಎಂದು ನೋಡುವವರು ಯಾರೂ ಇರುವುದಿಲ್ಲ.

ರಿಜೆಕ್ಷನ್‌ನಿಂದಲೇ ಶುರು ಮಾಡಿ, ಆದರೆ "ಯಾರು ಮಾಡಿದ್ದು" ಅನ್ನುವುದರಿಂದ ಬೇಡ. ಮರಳು, ಲೋಹ, ಪ್ಯಾಟರ್ನ್ (ಅಚ್ಚು ಮೂಡಿಸುವ ಮಾದರಿ), ಆಮೇಲೆ ಮನುಷ್ಯ. ನೋಡಬೇಕಾದ ಕ್ರಮ ಇದು. ಶಿವಮೊಗ್ಗದ ಮಳೆಗಾಲದಲ್ಲಿ ಹೊರಗೆ ರಾಶಿ ಹಾಕಿದ ಹೊಸ ಮರಳು ಬೆಳಗಿನ ಹೊತ್ತಿಗೆ ನೀರು ಕುಡಿದಿರುತ್ತದೆ. ಬೆಂಟೋನೈಟ್ ಜೇಡಿ ಹಾಕಿದ ಹಸಿ ಮರಳಿನಲ್ಲಿ ನೀರು ಸಾಮಾನ್ಯವಾಗಿ ಶೇ. 3ರಿಂದ 4ರ ಆಸುಪಾಸು ಇದ್ದರೆ ಸಾಕು. ಅದರ ಮೇಲೆ ಹೋದರೆ ಕಾದ ಲೋಹ ತಾಗಿದ ಕೂಡಲೇ ಆವಿ ಏಳುತ್ತದೆ, ಹೊರಗೆ ಹೋಗಲು ದಾರಿ ಸಿಗದ ಆವಿ ಎರಕದೊಳಗೆ ಗುಳ್ಳೆಯಾಗಿ ಕೂರುತ್ತದೆ. ಶಿಫ್ಟ್ ಶುರುವಿನಲ್ಲಿ ಒಂದು ಹಿಡಿ ಮರಳು ತೆಗೆದು ಮುಷ್ಟಿ ಕಟ್ಟಿ ಬಿಡಿ. ಬೆರಳಿನ ಗುರುತು ನಿಲ್ಲಬೇಕು, ಅಂಗೈಗೆ ಅಂಟಬಾರದು, ಮಧ್ಯಕ್ಕೆ ಮುರಿದರೆ ಅಂಚು ಉದುರದೆ ಚೂಪಾಗಿ ಬರಬೇಕು. ಇದು ಲ್ಯಾಬ್ ಪರೀಕ್ಷೆಗೆ ಬದಲಲ್ಲ, ಆದರೆ ಲ್ಯಾಬ್ ರಿಪೋರ್ಟ್ ಬರುವ ಮೊದಲೇ ಎಚ್ಚರ ಕೊಡುತ್ತದೆ. ಮರಳಿನ ತಪ್ಪಿಗೆ ನೀವು ಒಮ್ಮೆ ಮೋಲ್ಡರ್‌ನನ್ನು ಬೈದರೆ, ಅದು ಅವನಿಗೆ ಗೊತ್ತಾಗುತ್ತದೆ. ಅದಾದ ಮೇಲೆ ನೀವು ಸರಿಯಾಗಿ ಹೇಳಿದ ಹತ್ತು ಮಾತನ್ನೂ ಅವನು ಕೇಳುವುದಿಲ್ಲ.

ತಪ್ಪು ಮನುಷ್ಯನದ್ದೇ ಎಂದು ಖಚಿತವಾದರೆ ಒಬ್ಬನೇ ಇದ್ದಾಗ, ಅದೇ ದಿನ, ಪೀಸನ್ನು ಕೈಯಲ್ಲಿ ಹಿಡಿದು ಮಾತಾಡಿ. "ನಿನಗೆ ಗಮನವೇ ಇಲ್ಲ" ಅಂದರೆ ಜಗಳ ಆಗುತ್ತದೆ. "ಕೊನೇ ಗಂಟೆಯ 9 ಬಾಕ್ಸಿಗೆ ವೆಂಟ್ (ಆವಿ ಹೋಗುವ ತೂತು) ಚುಚ್ಚಿಲ್ಲ, ಒಂಬತ್ತರಲ್ಲಿ ಆರು ಗುಳ್ಳೆ ಬಂದಿದೆ. ಏನಾಯ್ತು?" ಅಂದರೆ ಕೆಲಸದ ಮಾತಾಗುತ್ತದೆ. ಕೇಳಿದ ಮೇಲೆ ಸುಮ್ಮನಿರಿ. ಹೊಸ ಸೂಪರ್‌ವೈಸರ್‌ಗಳು ಎಡವುವುದು ಇಲ್ಲೇ: ಪ್ರಶ್ನೆ ಕೇಳಿ ಉತ್ತರವನ್ನೂ ತಾವೇ ಹೇಳಿಬಿಡುತ್ತಾರೆ. ಅವನು ಹೇಳುವವರೆಗೆ ಕಾಯ್ದರೆ ವೆಂಟ್ ಕಡ್ಡಿ ಮುರಿದು ಎರಡು ದಿನವಾಗಿದೆ, ಸ್ಟೋರಿನಲ್ಲಿ ಬೇರೆ ಕೊಟ್ಟಿಲ್ಲ ಎಂಬಂಥ ಸಂಗತಿ ಹೊರಬರುವುದೇ ಹೆಚ್ಚು.

ಇನ್ನು ಗೆಳೆತನ. ಅದನ್ನು ಕಡಿದುಕೊಳ್ಳಬೇಕಿಲ್ಲ, ಊಟಕ್ಕೆ ಬೇರೆ ಕಡೆ ಕೂರುವುದೂ ಬೇಡ. ಎರಡು ವಿಷಯದಲ್ಲಿ ಮಾತ್ರ ಬಿಗಿಯಾಗಿರಿ: ರಜೆ ಮತ್ತು ಓಟಿ (ಓವರ್‌ಟೈಮ್). ಓಟಿಗೆ ಕಾನೂನಿನಂತೆ ದುಪ್ಪಟ್ಟು ಕೂಲಿ ಇರುವುದರಿಂದ ಯಾರಿಗೆ ಓಟಿ ಅನ್ನುವುದು ಹಣದ ಪ್ರಶ್ನೆ. ನೀವು ಜೊತೆಗಾರನಿಗೆ ಕೊಟ್ಟಿರಿ ಎಂಬ ಅನುಮಾನ ಒಂದೇ ಸಲ ಬಂದರೂ ಸಾಕು, ಉಳಿದವರು ದೂರವಾಗುತ್ತಾರೆ. 14 ಹೆಸರನ್ನೂ ಸರದಿಯಲ್ಲಿ ಬೋರ್ಡಿಗೆ ಬರೆಯಿರಿ. ಬೇಡ ಅಂದವನ ಸರದಿ ಮುಂದಿನವನಿಗೆ, ಅದನ್ನೂ ಬರೆಯಿರಿ. ಜೊತೆಗೆ, ಎರಡು ವಾರದೊಳಗೆ ಹದಿನಾಲ್ಕೂ ಜನರ ಹತ್ತಿರ ತಲಾ ಹತ್ತು ನಿಮಿಷ ಒಂಟಿಯಾಗಿ ಕೂತು ಎರಡೇ ಪ್ರಶ್ನೆ ಕೇಳಿ: ನಿನ್ನ ಕೆಲಸಕ್ಕೆ ದಿನಾ ಅಡ್ಡ ಬರೋದು ಏನು? ಈಗಿರೋದರಲ್ಲಿ ನಾನು ಬದಲಾಯಿಸಬಾರದ್ದು ಏನು? ಬಂದ ಉತ್ತರಗಳಲ್ಲಿ ನಿಮ್ಮ ಕೈಯಲ್ಲಾಗುವ ಒಂದನ್ನು ಆ ವಾರವೇ ಮಾಡಿ ತೋರಿಸಿ. "ನಮ್ಮಂಗೇ ಇದ್ದವನು" ಅನ್ನುವ ಮಾತು ಆಗಲೂ ಬರುತ್ತದೆ, ಆದರೆ ಅದರ ಧಾಟಿ ಬೇರೆಯಾಗಿರುತ್ತದೆ.

ಪ್ರಶ್ನೆ: ಗಾರ್ಮೆಂಟ್ಸ್‌ನಲ್ಲಿ ಲೈನ್ ಸೂಪರ್‌ವೈಸರ್. ವಯಸ್ಸು 23. ಲೈನಿನಲ್ಲಿ 40 ಜನ, ಹೆಚ್ಚಿನವರು ನನಗಿಂತ ದೊಡ್ಡವರು. ಗಂಟೆಗೆ 80 ಶರ್ಟ್ ಟಾರ್ಗೆಟ್, 60–62 ದಾಟುವುದಿಲ್ಲ. ಪ್ರೊಡಕ್ಷನ್ ಮ್ಯಾನೇಜರ್ ಪ್ರತಿ ಗಂಟೆಗೂ ಎಲ್ಲರೆದುರು ನನಗೆ ಬೈಯುತ್ತಾರೆ, ನಾನು ಟೈಲರ್‌ಗಳಿಗೆ ಬೈಯುತ್ತೇನೆ. ಕಳೆದ ತಿಂಗಳು ಇಬ್ಬರು ಕೆಲಸ ಬಿಟ್ಟರು. – ಶಿವಮೊಗ್ಗ

ಉತ್ತರ: ನೀವು ಕೊಟ್ಟ ಲೆಕ್ಕದಲ್ಲೇ ಉತ್ತರದ ಸುಳಿವಿದೆ. ಗಂಟೆಗೆ 3600 ಸೆಕೆಂಡ್, 80 ಶರ್ಟ್ ಬೇಕೆಂದರೆ ಪ್ರತಿ 45 ಸೆಕೆಂಡಿಗೆ ಒಂದು ಪೀಸು ಲೈನಿನ ತುದಿಯಿಂದ ಹೊರಬರಬೇಕು. ಅಂದರೆ ಯಾವ ಆಪರೇಷನ್ನೂ (ಒಂದು ಮಷಿನ್ನಿನಲ್ಲಿ ಆಗುವ ಹೊಲಿಗೆಯ ಹಂತ) 45 ಸೆಕೆಂಡ್ ದಾಟುವಂತಿಲ್ಲ. ನಾಳೆ ಮೊಬೈಲ್ ಸ್ಟಾಪ್‌ವಾಚ್ ಹಿಡಿದು ಒಂದೊಂದು ಮಷಿನ್ನಿನ ಹತ್ತಿರ ನಿಂತು ಐದೈದು ಪೀಸಿನ ಸಮಯ ಬರೆದು ಸರಾಸರಿ ತೆಗೆಯಿರಿ. ಯಾಕೆ ಬರೆಯುತ್ತೀರಿ ಎಂದು ಮೊದಲೇ ಹೇಳಿ, ಇಲ್ಲದಿದ್ದರೆ ತಮ್ಮ ಮೇಲೇ ಕಣ್ಣಿಟ್ಟಿದ್ದಾರೆ ಅಂದುಕೊಂಡು ಬೇಕೆಂದೇ ನಿಧಾನ ಮಾಡುತ್ತಾರೆ. 60–62ಕ್ಕೇ ಬಂದು ನಿಲ್ಲುತ್ತಿದೆ ಅಂದರೆ ಎಲ್ಲೋ ಒಂದು ಕಡೆ 58 ಸೆಕೆಂಡಿನ ಆಸುಪಾಸಿನ ಆಪರೇಷನ್ ಇರುತ್ತದೆ. ಶರ್ಟ್ ಲೈನಿನಲ್ಲಿ ಸಾಮಾನ್ಯವಾಗಿ ಅದು ಕಾಲರ್ ಅಟ್ಯಾಚ್ ಅಥವಾ ಕಫ್ ಅಟ್ಯಾಚ್. ಗುರುತಿಸುವುದು ಸುಲಭ: ಆ ಮಷಿನ್ನಿನ ಹಿಂದೆ ಬಂಡಲ್ ರಾಶಿ ಬಿದ್ದಿರುತ್ತದೆ, ಮುಂದಿನ ಟೈಲರ್ ಕೈ ಕಟ್ಟಿ ಕೂತಿರುತ್ತಾಳೆ.

ಉಳಿದ 39 ಜನರಿಗೆ ಎಷ್ಟು ಗದರಿದರೂ ಅಲ್ಲಿಂದ ಗಂಟೆಗೆ 62ಕ್ಕಿಂತ ಒಂದೂ ಹೆಚ್ಚು ಬರುವುದಿಲ್ಲ. ಗದರಿದಷ್ಟೂ ಆ ರಾಶಿ ಬೆಳೆಯುತ್ತದೆ, ಅವಸರಕ್ಕೆ ತಪ್ಪಿದ ಹೊಲಿಗೆ ತಿದ್ದುವ ಆಲ್ಟ್ರೇಷನ್ ಹೆಚ್ಚುತ್ತದೆ. ಆ ಒಂದೇ ಜಾಗಕ್ಕೆ ಎರಡನೇ ಮಷಿನ್ ಹಾಕಿದರೆ ಪೀಸಿಗೆ 29 ಸೆಕೆಂಡ್ ಆಗುತ್ತದೆ. ಎರಡನೇ ಟೈಲರ್‌ಗೆ ಪೂರ್ತಿ ಕೆಲಸ ಇರುವುದಿಲ್ಲ. ಉಳಿದ ಸಮಯಕ್ಕೆ ಲೇಬಲ್ ಅಟ್ಯಾಚ್‌ನಂಥ ಸಣ್ಣ ಆಪರೇಷನ್ ಕೊಡಿ. ಮಷಿನ್ ಸಿಗದಿದ್ದರೆ ಕಾಲರ್ ಎತ್ತಿ ಜೋಡಿಸಿಕೊಡಲು ಒಬ್ಬ ಹೆಲ್ಪರ್ ಹಾಕಿ, ಹೊಲಿಗೆಯ ಕೈ ಹೊಲಿಗೆಯನ್ನಷ್ಟೇ ಮಾಡಲಿ. ಆಮೇಲೆ ಮತ್ತೆ ಸಮಯ ಬರೆಯಿರಿ, ಏಕೆಂದರೆ ಒಂದು ಗಂಟು ಬಿಚ್ಚಿದರೆ ಇನ್ನೊಂದು ಕಡೆ ಗಂಟು ಕಾಣಿಸಿಕೊಳ್ಳುತ್ತದೆ. ದಾರ ತುಂಡಾಗುವುದು, ಸೂಜಿ ಬದಲಿಸುವುದು ಇದ್ದೇ ಇರುತ್ತದೆ, ಹಾಗಾಗಿ 45 ಅಲ್ಲ, 40 ಸೆಕೆಂಡನ್ನು ಗುರಿ ಇಟ್ಟುಕೊಳ್ಳುವುದು ಕ್ಷೇಮ.

ಮ್ಯಾನೇಜರ್ ಮುಂದೆ ಇದೇ ಹಾಳೆ ಇಡಿ. "ಟೈಲರ್‌ಗಳು ಮಾಡ್ತಿಲ್ಲ ಸಾರ್" ಅಂದರೆ ಬೈಗುಳ ಬರುತ್ತದೆ. "ಕಾಲರ್ ಅಟ್ಯಾಚ್ 58 ಸೆಕೆಂಡ್ ಇದೆ ಸಾರ್, ಒಂದು ಮಷಿನ್ ಅಥವಾ ಒಬ್ಬ ಹೆಲ್ಪರ್ ಬೇಕು, ಯಾವುದು ಕೊಡ್ತೀರಿ?" ಅಂದರೆ ಅವರು ತೀರ್ಮಾನ ಕೊಡಬೇಕಾಗುತ್ತದೆ. ಗಂಟೆಯ ಬೋರ್ಡಿನಲ್ಲಿ ಅಂಕಿಯ ಪಕ್ಕ ಕಾರಣದ ಒಂದು ಕಲಂ ಹಾಕಿ: "11–12: ಕಟಿಂಗ್‌ನಿಂದ ಫೀಡಿಂಗ್ 14 ನಿಮಿಷ ತಡ." ಒಂದು ವಾರದ ಬೋರ್ಡ್ ನಿಮ್ಮ ಪರವಾಗಿ ತಾನೇ ಮಾತಾಡುತ್ತದೆ. ಮೇಲಿನಿಂದ ಬಂದ ಬೈಗುಳವನ್ನು ಕೆಳಕ್ಕೆ ದಾಟಿಸದೆ ತಡೆಯುವುದು ಸೂಪರ್‌ವೈಸರ್ ಕೆಲಸದ ಬಹು ದೊಡ್ಡ ಭಾಗ. ಅದು ಸಹನೆಯೊಂದರಿಂದ ಆಗುವುದಿಲ್ಲ, ಕೈಯಲ್ಲಿ ಲೆಕ್ಕ ಇರಬೇಕು.

ಮಾತಿನ ಬಗ್ಗೆ ಒಂದು ವಿಷಯ. ನಮ್ಮ ಭಾಷೆಯಲ್ಲಿ ನೀನು–ನೀವು ಅನ್ನುವ ವ್ಯತ್ಯಾಸ ಇದೆ, ಅದು ನಿಮ್ಮ ಕೈಯಲ್ಲಿರುವ ಬಲವಾದ ಸಾಧನ. ಅನೇಕ ಲೈನುಗಳಲ್ಲಿ ಸೂಪರ್‌ವೈಸರ್ ಆದ ಮರುದಿನವೇ ತಾಯಿಯ ವಯಸ್ಸಿನವರಿಗೂ "ಏಯ್, ಬೇಗ ಹಾಕೇ" ಶುರುವಾಗುತ್ತದೆ. ಅಧಿಕಾರ ಅದರಿಂದ ಬರುವುದಿಲ್ಲ. "ಅಕ್ಕ, ಈ ಬಂಡಲ್ ಹತ್ತೂವರೆಗೆ ಮುಗೀಬೇಕು, ಆಗುತ್ತಾ?" ಅನ್ನುವ ಮಾತಿನಲ್ಲಿ ಮರ್ಯಾದೆಯೂ ಇದೆ, ಗಡುವೂ ಇದೆ, ಆಗದಿದ್ದರೆ ಈಗಲೇ ಹೇಳಲು ಅವಕಾಶವೂ ಇದೆ. ಬಹುವಚನ ಎಲ್ಲರಿಗೂ ಒಂದೇ ಇರಲಿ, ಮೆಷಿನ್ ಒರೆಸುವವರಿಗೂ.

ಗೈರುಹಾಜರಿಯ ಬಗ್ಗೆ ನೀವು ಕೇಳಿಲ್ಲ, ಆದರೆ ಮುಂದಿನ ತಲೆನೋವು ಅದೇ. ಗೋಡೆಗೆ ಒಂದು ಚಾರ್ಟ್ ಹಾಕಿ: ಅಡ್ಡಕ್ಕೆ ಆಪರೇಷನ್‌ಗಳು, ಕೆಳಕ್ಕೆ ಹೆಸರುಗಳು. ಪ್ರತಿ ಮನೆಯಲ್ಲಿ 1 ಅಂದರೆ ಕಲಿಯುತ್ತಿದ್ದಾರೆ, 2 ಅಂದರೆ ನೋಡಿಕೊಂಡರೆ ಮಾಡುತ್ತಾರೆ, 3 ಅಂದರೆ ಟಾರ್ಗೆಟ್ ಮುಟ್ಟುತ್ತಾರೆ, 4 ಅಂದರೆ ಬೇರೆಯವರಿಗೆ ಕಲಿಸಬಲ್ಲರು. ಕಷ್ಟದ ಆಪರೇಷನ್‌ಗೆ 3 ಅಥವಾ 4 ಇರುವವರು ಕನಿಷ್ಠ ಮೂವರು ಬೇಕು. ನಮ್ಮ ಕಡೆ ಯಾವಾಗ ಜನ ಬರುವುದಿಲ್ಲ ಅನ್ನುವುದು ಗುಟ್ಟೇನಲ್ಲ: ನಾಟಿಯ ವಾರ, ಭೂಮಿ ಹುಣ್ಣಿಮೆ, ದೀಪಾವಳಿ, ಅಡಿಕೆ ಕೊಯ್ಲು, ಎರಡು ವರ್ಷಕ್ಕೊಮ್ಮೆ ಬರುವ ಕೋಟೆ ಮಾರಿಕಾಂಬೆ ಜಾತ್ರೆ. ತಿಂಗಳ ಮೊದಲ ದಿನವೇ ರಜೆ ಬರೆಸಿಕೊಂಡರೆ ಬೆಳಗ್ಗೆ ಬಸ್ಸು ಬಂದಾಗ ಎಷ್ಟು ಸೀಟು ಖಾಲಿ ಎಂದು ಎಣಿಸುತ್ತ ನಿಲ್ಲುವ ಪಾಡು ತಪ್ಪುತ್ತದೆ.

ಕೊನೆಯದಾಗಿ, ಯಾರಾದರೂ ಹೆಣ್ಣುಮಗಳು ಬಂದು "ಆ ಮನುಷ್ಯ ಕೆಟ್ಟದಾಗಿ ಮಾತಾಡ್ತಾನೆ, ಮೈ ಮುಟ್ತಾನೆ" ಅಂದರೆ ರಾಜಿ ಪಂಚಾಯಿತಿಗೆ ಕೂರಬೇಡಿ. ಕೆಲಸದ ಜಾಗದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ 2013ರ ಕಾಯ್ದೆಯಂತೆ ಹತ್ತು ಅಥವಾ ಹೆಚ್ಚು ಜನ ಇರುವ ಎಲ್ಲ ಕೆಲಸದ ಜಾಗದಲ್ಲೂ ಆಂತರಿಕ ಸಮಿತಿ ಇರಲೇಬೇಕು, ಘಟನೆಯಾದ ಮೂರು ತಿಂಗಳೊಳಗೆ ಲಿಖಿತ ದೂರು ಕೊಡಬೇಕು. ಆಕೆಗೆ ಸಮಿತಿಯ ಸದಸ್ಯರ ಹೆಸರು ತಿಳಿಸಿ, ಬರೆಯಲು ಕಷ್ಟವಾದರೆ ನೆರವಾಗಿ, ವಿಷಯವನ್ನು ಲೈನಿನಲ್ಲಿ ಯಾರ ಹತ್ತಿರವೂ ಆಡಬೇಡಿ.

ಪ್ರಶ್ನೆ: ಅಡಿಕೆ ಸುಲಿಸುವ ಉಸ್ತುವಾರಿ ನನ್ನದು. ಸೀಸನ್ನಿನಲ್ಲಿ 20–25 ಜನ ಬರುತ್ತಾರೆ. ಡಬ್ಬದ ಲೆಕ್ಕದಲ್ಲಿ ಕೂಲಿ. ಬೇಗ ಸುಲಿಯುವವರು ಕಾಯಿ ಹೋಳು ಮಾಡುತ್ತಾರೆ, ಸಿಪ್ಪೆ ಉಳಿಸುತ್ತಾರೆ. ಹೇಳಿದರೆ ಮರುದಿನ ಬೇರೆ ಮನೆಗೆ ಹೋಗುತ್ತಾರೆ. – ತೀರ್ಥಹಳ್ಳಿ

ಉತ್ತರ: ಡಬ್ಬಕ್ಕೆ ಕೂಲಿ ಕೊಟ್ಟು "ನಿಧಾನಕ್ಕೆ ಚೆನ್ನಾಗಿ ಮಾಡಿ" ಅನ್ನುವುದು, ಒಂದು ಕೈಯಲ್ಲಿ ಓಡಿಸಿ ಇನ್ನೊಂದು ಕೈಯಲ್ಲಿ ಹಿಡಿದಂತೆ. ಹಸಿ ಅಡಿಕೆ ಕೊಯ್ದ ಮೇಲೆ ಸುಲಿದು ಬೇಯಿಸುವುದು ತಡವಾದರೆ ಬಣ್ಣ ಕೆಡುತ್ತದೆ, ಹಾಗಾಗಿ ವೇಗ ಬೇಕೇ ಬೇಕು. ವೇಗವಿದ್ದೂ ಹೋಳಾಗದಂತೆ ಮಾಡಲು ಮೂರು ಸಂಗತಿ ನೋಡಿ.

ಮೊದಲನೆಯದು ಬೆಳಕು. ಸುಲಿಗೆ ಹೆಚ್ಚಾಗಿ ಸಂಜೆಯ ಮೇಲೆ, ರಾತ್ರಿಯವರೆಗೆ. ಇಡೀ ಚಪ್ಪರಕ್ಕೆ ಮಧ್ಯದಲ್ಲೊಂದು ಬಲ್ಬ್ ಇದ್ದರೆ ಸುತ್ತ ಕೂತವರಲ್ಲಿ ಅರ್ಧ ಜನರ ಕೈ ನೆರಳು ಅವರ ಮೆಟ್ಟುಗತ್ತಿಯ ಮೇಲೇ ಬೀಳುತ್ತದೆ. ಕತ್ತಿಯ ಅಲಗು ಕಾಣದೆ ಅಂದಾಜಿನಲ್ಲಿ ಒತ್ತಿದಾಗ ಕಾಯಿ ಹೋಳಾಗುತ್ತದೆ, ಕೆಲವೊಮ್ಮೆ ಬೆರಳೂ. ಎರಡು ಸಾಲು ಕೂರಿಸಿ, ಸಾಲಿನ ಎದುರಿನಿಂದ, ತಲೆಗಿಂತ ಸ್ವಲ್ಪ ಮೇಲಿನಿಂದ ಬೆಳಕು ಬರುವಂತೆ ಕಟ್ಟಿ. ಕತ್ತಿ ಮಸೆಯುವ ಕೆಲಸ ಒಬ್ಬರಿಗೆ ವಹಿಸಿ, ಆ ಸಮಯಕ್ಕೆ ಪ್ರತ್ಯೇಕ ಕೂಲಿ ಕೊಡಿ.

ಎರಡನೆಯದು ಮಾದರಿ. "ಚೆನ್ನಾಗಿ ಸುಲಿಯಿರಿ" ಅನ್ನುವುದರಲ್ಲಿ ಅಳತೆ ಇಲ್ಲ. ಮೂರು ತಟ್ಟೆ ಇಡಿ: ಒಂದರಲ್ಲಿ ಸರಿಯಾಗಿ ಸುಲಿದದ್ದು, ಇನ್ನೊಂದರಲ್ಲಿ ಸಿಪ್ಪೆ ಉಳಿದದ್ದು, ಮೂರನೆಯದರಲ್ಲಿ ಹೋಳು. ಡಬ್ಬ ಅಳೆಯುವಾಗ ಒಂದು ಬೊಗಸೆ ತೆಗೆದು ತಟ್ಟೆಯ ಪಕ್ಕ ಹರಡಿ, ಸುಲಿದವರೇ ನೋಡಿ ಹೇಳಲಿ. ಒಂದು ಬೊಗಸೆಗೆ ಎಷ್ಟು ಹೋಳು ನಡೆಯುತ್ತದೆ ಎನ್ನುವುದನ್ನು ಸೀಸನ್ನಿನ ಮೊದಲ ದಿನವೇ ಗೊತ್ತು ಮಾಡಿ. ಅದರೊಳಗಿದ್ದರೆ ಡಬ್ಬಕ್ಕೆ ಸ್ವಲ್ಪ ಹೆಚ್ಚು ಕೊಡಿ. ಕಡಿಯುವುದಕ್ಕಿಂತ ಕೂಡಿಸುವುದು ಒಳ್ಳೆಯದು, ಏಕೆಂದರೆ ಕೂಲಿ ಕಡಿದ ಸುದ್ದಿ ಬೆಳಗಾಗುವುದರೊಳಗೆ ಮೂರು ಊರಿಗೆ ಮುಟ್ಟಿರುತ್ತದೆ.

ಮೂರನೆಯದು ಡಬ್ಬವೇ. ಬೇರೆ ಮನೆಗೆ ಹೋಗುವುದಕ್ಕೆ ನೀವು ಹೇಳಿದ ಮಾತೇ ಕಾರಣ ಎಂದುಕೊಳ್ಳಬೇಡಿ, ಅಳತೆಯ ಮೇಲಿನ ಅನುಮಾನವೂ ಇರಬಹುದು. ಒಂದೇ ಡಬ್ಬ, ಒಂದೇ ಗೆರೆ, ತಲೆತುಂಬಿದ ಅಳತೆಯೋ ಮಟ್ಟದ ಅಳತೆಯೋ ಎಂಬುದು ದಿನಕ್ಕೊಂದು ಬಗೆ ಆಗಬಾರದು. ಅವರ ಎದುರೇ ಅಳೆದು, ನಿಮ್ಮ ಪುಸ್ತಕದಲ್ಲೂ ಅವರ ಚೀಟಿಯಲ್ಲೂ ಒಟ್ಟಿಗೇ ಬರೆಯಿರಿ. ಬಟವಾಡೆಗೆ ವಾರ ಮತ್ತು ಹೊತ್ತು ಗೊತ್ತು ಮಾಡಿ, ಒಂದು ದಿನವೂ ತಪ್ಪಿಸಬೇಡಿ. ಹೊಸಬರಿಗೆ ಕಲಿಸಲು ಹಳಬರನ್ನು ಕೂರಿಸಿದರೆ ಆ ದಿನ ಅವರ ಡಬ್ಬ ಕಮ್ಮಿಯಾಗುತ್ತದೆ. ಅವರ ಹಿಂದಿನ ದಿನಗಳ ಸರಾಸರಿಯಷ್ಟು ಕೂಲಿ ಕಟ್ಟಿಕೊಡಿ. ಇಲ್ಲದಿದ್ದರೆ ಯಾರೂ ಮನಸ್ಸಿಟ್ಟು ಕಲಿಸುವುದಿಲ್ಲ, ಕಲಿಸದಿರುವುದು ಅವರ ತಪ್ಪೂ ಅಲ್ಲ.

ಪ್ರಶ್ನೆ: ಸಹಕಾರಿ ಸಂಘದಲ್ಲಿ ಕಾರ್ಯದರ್ಶಿ, ವಯಸ್ಸು 31. ಗುಮಾಸ್ತರೊಬ್ಬರು 55 ದಾಟಿದವರು, ಊರಿಗೇ ಬೇಕಾದವರು. ತಡವಾಗಿ ಬರುತ್ತಾರೆ, ಕಂಪ್ಯೂಟರ್ ಮುಟ್ಟುವುದಿಲ್ಲ. ಹೇಳಲು ಬಾಯಿ ಬರುವುದಿಲ್ಲ. – ಸಾಗರ

ಉತ್ತರ: ಇವು ಎರಡು ಬೇರೆ ವಿಷಯ, ಒಂದೇ ಸಲ ಎತ್ತಬೇಡಿ. ಕಂಪ್ಯೂಟರಿನದ್ದು ಬಹುಪಾಲು ಹೆದರಿಕೆ, ಅದರಲ್ಲೂ ಸದಸ್ಯರ ಎದುರು ತಪ್ಪಾದೀತೆಂಬ ಹೆದರಿಕೆ. ಎರಡನೇ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ಕಾರ್ಖಾನೆಗಳಿಗೆ ಹೊಸ ಕೆಲಸಗಾರರನ್ನು ಬೇಗ ತಯಾರು ಮಾಡಬೇಕಾಗಿ ಬಂದಾಗ ಸೂಪರ್‌ವೈಸರ್‌ಗಳಿಗೆ ನಾಲ್ಕು ಹೆಜ್ಜೆಯ ಒಂದು ಕ್ರಮ ಹೇಳಿಕೊಟ್ಟರು; ಇಂದಿಗೂ ಅದಕ್ಕಿಂತ ಸರಳವಾದದ್ದು ಸಿಗುವುದು ಕಷ್ಟ. ಮೊದಲು ಅವರನ್ನು ಸಲೀಸಾಗಿಸಿ, ಏನು ಗೊತ್ತಿದೆ ಎಂದು ತಿಳಿದುಕೊಳ್ಳಿ. ಆಮೇಲೆ ಒಂದು ಸಲಕ್ಕೆ ಒಂದೇ ಕೆಲಸ ಮಾಡಿ ತೋರಿಸಿ, ಯಾಕೆ ಹಾಗೆ ಎಂದೂ ಹೇಳಿ. ಮೂರನೆಯದಾಗಿ ಅವರಿಂದ ಮಾಡಿಸಿ, ಮಾಡುತ್ತಲೇ ಬಾಯಲ್ಲಿ ಹೇಳಿಸಿ. ಕೊನೆಗೆ ಅವರಷ್ಟಕ್ಕೆ ಬಿಟ್ಟು, ಯಾರನ್ನು ಕೇಳಬೇಕು ಎಂದು ತಿಳಿಸಿ, ಆಗಾಗ ಬಂದು ನೋಡಿ. ಕಚೇರಿ ತೆರೆಯುವ ಮೊದಲಿನ ಅರ್ಧ ಗಂಟೆ, ಕೌಂಟರಿನಲ್ಲಿ ಯಾರೂ ಇಲ್ಲದಾಗ, ಆ ದಿನದ ನಿಜವಾದ ರಸೀದಿಗಳನ್ನೇ ಇಟ್ಟುಕೊಂಡು ಕಲಿಸಿ. ಮೊದಲ ವಾರ ರಸೀದಿ ಹಾಕುವುದೊಂದೇ ಸಾಕು. ಒತ್ತಬೇಕಾದ ಕೀಲಿಗಳನ್ನು ಅವರ ಕೈಯಿಂದಲೇ ರಟ್ಟಿನ ಮೇಲೆ ಬರೆಸಿ, ಪರದೆಯ ಪಕ್ಕ ಅಂಟಿಸಿ. ಮೌಸ್ ಅವರ ಕೈಯಿಂದ ಕಸಿದುಕೊಂಡು "ಕೊಡಿ, ನಾನೇ ಮಾಡ್ತೀನಿ" ಅನ್ನಬೇಡಿ, ಎಷ್ಟೇ ಹೊತ್ತಾದರೂ. ಈ ಅರ್ಧ ಗಂಟೆಯ ನೆಪದಿಂದ ಅವರು ಹೊತ್ತಿಗೆ ಸರಿಯಾಗಿ ಬರತೊಡಗಿದರೆ ಇನ್ನೂ ಒಳ್ಳೆಯದು.

ಬಾರದಿದ್ದರೆ, ಒಳಗೆ ಕರೆದು ಕೂರಿಸಿ ಮಾತಾಡಿ. "ಈ ತಿಂಗಳು ಏಳು ದಿನ ಹತ್ತೂವರೆಯ ಮೇಲೆ ಬಂದಿದ್ದೀರಿ. ಸದಸ್ಯರು ಹೊರಗೆ ಕಾಯ್ತಿದ್ದರು. ಮನೆಯಲ್ಲಿ ಏನಾದರೂ ತೊಂದರೆ ಇದೆಯಾ, ಬಸ್ಸಿನದ್ದಾ?" ಸಾಗರದ ಸುತ್ತಿನ ಹಳ್ಳಿಗಳಲ್ಲಿ ಒಂದು ಬಸ್ಸು ತಪ್ಪಿದರೆ ಮುಂದಿನದು ಎಷ್ಟೋ ಹೊತ್ತಿಗೆ ಬರುತ್ತದೆ, ಅದು ನಿಜವಾದ ಕಾರಣವೇ ಇರಬಹುದು. ಏನು ಒಪ್ಪಿದಿರಿ ಎಂಬುದನ್ನು ಅದೇ ದಿನ ತಾರೀಖಿನೊಂದಿಗೆ ಬರೆದಿಟ್ಟುಕೊಳ್ಳಿ, ಎರಡು ವಾರ ಬಿಟ್ಟು ನೋಡಿ. ಸರಿಹೋಗಿದ್ದರೆ ಅದನ್ನು ಬಾಯಿಬಿಟ್ಟು ಹೇಳಿ. ಹೋಗದಿದ್ದರೆ ಇನ್ನೊಮ್ಮೆ ಮಾತು, ಆಮೇಲೆ ಮೆಮೊ. ಮೆಮೊದಲ್ಲಿ ವಿಶೇಷಣ ಬೇಡ, ದಿನಾಂಕ ಮತ್ತು ಹೊತ್ತು ಮಾತ್ರ. ಉತ್ತರ ಕೊಡಲು ಅವಕಾಶವಿಲ್ಲದೆ ಯಾವ ಕ್ರಮವನ್ನೂ ಕೈಗೊಳ್ಳಬೇಡಿ. ನಿಮ್ಮ ಸಂಘದ ಸೇವಾ ನಿಯಮದಲ್ಲಿ ಏನಿದೆ ಎಂಬುದನ್ನು ಇದೆಲ್ಲಕ್ಕೂ ಮೊದಲೇ ಓದಿಕೊಂಡಿರಿ.

ಪ್ರಶ್ನೆ: ಆಗುಂಬೆ ಹತ್ತಿರ ಹೋಂಸ್ಟೇ ನೋಡಿಕೊಳ್ಳುತ್ತೇನೆ. ಆರು ಜನ ಕೆಲಸಕ್ಕಿದ್ದಾರೆ. ಎಲ್ಲವನ್ನೂ ವಾಟ್ಸಾಪ್ ಗ್ರೂಪಿನಲ್ಲಿ ಹಾಕುತ್ತೇನೆ, ಆದರೂ ಅರ್ಧ ಕೆಲಸ ಆಗಿರುವುದಿಲ್ಲ.

ಉತ್ತರ: ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವ ಜಾಗದಲ್ಲಿ ಗ್ರೂಪಿನ ಮೆಸೇಜನ್ನು ನಂಬಬೇಡಿ. ಆರು ಜನರಿಗೆ ಒಟ್ಟಿಗೆ ಹೇಳಿದ ಕೆಲಸ ಒಬ್ಬರದ್ದೂ ಆಗಿರುವುದಿಲ್ಲ. ಅಡುಗೆಮನೆಯ ಬಾಗಿಲಲ್ಲಿ ಒಂದು ಕಪ್ಪುಹಲಗೆ ಹಾಕಿ: ಕೆಲಸ, ಹೆಸರು, ಹೊತ್ತು. "ಗೀಸರ್ ನೋಡಬೇಕು" ಅಂತಲ್ಲ, "3ನೇ ರೂಮಿನ ಗೀಸರ್, ಮಧ್ಯಾಹ್ನ 2ರೊಳಗೆ" ಎಂದು, ಒಬ್ಬರೇ ಒಬ್ಬರ ಹೆಸರಿನ ಮುಂದೆ. ಮುಗಿದದ್ದನ್ನು ಮಾಡಿದವರೇ ಅಳಿಸಲಿ. ಬಾಯಲ್ಲಿ ಹೇಳಿದಾಗ "ಗೊತ್ತಾಯ್ತಾ?" ಎಂದು ಕೇಳಬೇಡಿ, ಎಲ್ಲರೂ ಹೂಂ ಅನ್ನುತ್ತಾರೆ. "ಮೊದಲು ಯಾವುದು ಮಾಡ್ತೀರಿ?" ಎಂದು ಕೇಳಿ.